ನಲವತ್ತೇಳನೇ ಡಬ್ಬ

ಇಡೀ ರಾದ್ಧಾಂತ ಶುರುವಾದದ್ದು ಒಂದು ಹಸಿರು ಬಲ್ಬಿನಿಂದ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರ್ ಲೆಲ್ಯಾಂಡ್ ಪ್ರೂಕಾ ಸಸ್ಯವಿಜ್ಞಾನ ಕಟ್ಟಡದ ನೆಲಮಾಳಿಗೆಗೆ ಇಳಿದು ಕತ್ತಲೆ ಕೋಣೆಯ ಸ್ವಿಚ್ಚು ಒತ್ತಿದ. ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದ. ಊಹೂಂ. ಕೈಯಾಡಿಸಿ ನೋಡಿದರೆ ಹೋಲ್ಡರಿನಲ್ಲಿ ಬಲ್ಬೇ ಇಲ್ಲ!

ಬಲ್ಬು ಹೋದರೆ ಇನ್ನೊಂದು ಹಾಕಿದರಾಯಿತು ಎನ್ನುವವರಿಗೆ ಲೆಲ್ಯಾಂಡ್ ಗೊತ್ತಿಲ್ಲ ಎಂದೇ ಅರ್ಥ. ಆ ಕೋಣೆಯಲ್ಲಿ ಮಬ್ಬು ಹಸಿರು ದೀಪ ಬಿಟ್ಟರೆ ಬೇರೆ ಬೆಳಕಿಗೆ ಪ್ರವೇಶವಿಲ್ಲ. ಮೊಳಕೆಗಳಿಗೆ ಹಸಿರು ಅಷ್ಟಾಗಿ ತಾಗುವುದಿಲ್ಲ. ಬಾಗಿಲ ಮೇಲೆ ಲೆಲ್ಯಾಂಡನ ಕೈಬರಹದಲ್ಲಿ ಹದಿನಾಲ್ಕು ಚೀಟಿಗಳಿದ್ದವು, ಎಲ್ಲದರಲ್ಲೂ ಒಂದೇ ಮಾತು: ಬೆಳಕು ತರಬೇಡಿ. ಹೊಗೆ ಎದ್ದರೆ ಕೂಗುವ ಗಂಟೆಯ ಮೇಲಿನ ಸಾಸಿವೆಯಷ್ಟು ಕೆಂಪು ದೀಪಕ್ಕೂ ಕಪ್ಪು ಟೇಪು ಅಂಟಿಸಿದ್ದ ಮಹಾನುಭಾವ. ಹೊಸದಾಗಿ ಸೇರಿದ ವಿದ್ಯಾರ್ಥಿನಿ ಮೇಬೆಲ್‌ಳ ಕೈಗಡಿಯಾರ ಒಮ್ಮೆ ಮಿನುಗಿತೆಂದು ಬೈದು ಅಳಿಸಿದ್ದ. ಸಹೋದ್ಯೋಗಿ ಡ್ವೇನ್‌ಗೆ, "ನಿನ್ನ ಚಿನ್ನದ ಹಲ್ಲು ಹೊಳೆಯುತ್ತೆ, ಬಾಯಿ ಮುಚ್ಕೊಂಡು ಒಳಗೆ ಬಾ" ಎಂದಿದ್ದ.

ಇಷ್ಟೆಲ್ಲ ಪಹರೆ ನಲವತ್ತೇಳನೇ ಡಬ್ಬಕ್ಕಾಗಿ. ಯಾವ ಬೀಜವೇ ಆಗಲಿ, ಕತ್ತಲಲ್ಲಿ ಮೊಳೆತರೆ ಬೆಳಕೆಲ್ಲಿ ಎಂದು ಕತ್ತು ಚಾಚಿ ಚಾಚಿ, ಬಿಳುಚಿ, ಸಣಕಲಾಗಿ ಉದ್ದಕ್ಕೆ ಏರುತ್ತದೆ. ಬೆಳಕು ಕಂಡಿತೋ, ಏರುವುದನ್ನು ಬಿಟ್ಟು ಗಿಡ್ಡಗೆ ಗಟ್ಟಿಯಾಗಿ ನಿಂತು ಎಲೆ ಬಿಚ್ಚುತ್ತದೆ. ಆದರೆ ನಲವತ್ತೇಳನೇ ಡಬ್ಬದ ಸಾಸಿವೆ ಜಾತಿಯ ಸಸಿಗಳು ಮುಚ್ಚಿದ ಡಬ್ಬದೊಳಗಿನ ಕಗ್ಗತ್ತಲಲ್ಲೂ ಗಿಡ್ಡಗೆ ನಿಂತು ಎಲೆ ಬಿಚ್ಚಿದ್ದವು. ಮೂರು ಸಲ ಬಿತ್ತಿದ. ಮೂರು ಸಲವೂ ಹಾಗೆಯೇ. ಅಂದರೆ ಕತ್ತಲನ್ನೇ ಬೆಳಕೆಂದು ನಂಬುವ ಗಿಡ! ಎಲ್ಲೋ ಒಂದು ಜೀನ್ ಕೆಟ್ಟಿರಬೇಕು. ಆ ಜೀನ್ ಇನ್ನೂ ಕೈಗೆ ಸಿಗುವ ಮೊದಲೇ ಲೆಲ್ಯಾಂಡ್ ಅದಕ್ಕೆ ಹೆಸರಿಟ್ಟಾಗಿತ್ತು: 'ಲೆಲ್ಯಾಂಡ್-1'.

ಇವತ್ತು ಸಂಜೆ ನಾಲ್ಕಕ್ಕೆ ಆಯ್ಕೆ ಸಮಿತಿಯ ಎದುರು ಡಬ್ಬ ಬಿಚ್ಚಿ ತೋರಿಸಬೇಕು. ಒಪ್ಪಿದರೆ ಕಾಯಂ ಕೆಲಸ. ಒಪ್ಪದಿದ್ದರೆ ವರ್ಷವರ್ಷಕ್ಕೆ ಮುಂದುವರಿಯುತ್ತ ಬಂದ ಆರು ವರ್ಷದ ಗುತ್ತಿಗೆ ಶುಕ್ರವಾರಕ್ಕೆ ಮುಗಿದು, ಅಯೋವಾದಲ್ಲಿ ಮಾವನ ಹಂದಿ ಮೇವಿನ ಅಂಗಡಿಯಲ್ಲಿ ಮೂಟೆ ಹೊರಬೇಕು. ಮಾವ ಆಗಲೇ ಅಳಿಯನ ಅಳತೆಯ ಏಪ್ರನ್ ಹೊಲಿಸಿಟ್ಟಿದ್ದಾನೆಂದು ಹೆಂಡತಿ ನಡೀನ್ ತಿಂಡಿಯ ಹೊತ್ತಿಗೆ ಹೇಳಿದ್ದಳು.

ಲೆಲ್ಯಾಂಡ್ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕಚೇರಿಗೆ ಓಡಿದ. ವಿಭಾಗದ ಬೀಗದ ಕೈ, ಬಲ್ಬು, ಕಾಗದ, ಗುಟ್ಟು ಎಲ್ಲವೂ ಬರ್ನೀಸ್ ಎಂಬ ಹಿರಿಯ ಗುಮಾಸ್ತೆಯ ಸುಪರ್ದಿಯಲ್ಲಿದ್ದವು.

"ಬರ್ನೀಸ್, ಹಸಿರು ಬಲ್ಬು ಯಾರೋ ಕದ್ದಿದಾರೆ!"

"ಬಲ್ಬ್ ಕದ್ದು ಯಾರೇನು ಮಾಡ್ತಾರಪ್ಪ? ಅರ್ಜಿ ಬರಿ, ಗುರುವಾರ ಬರುತ್ತೆ."

"ಗುರುವಾರ? ಇವತ್ತು ನಾಲ್ಕಕ್ಕೆ ನನ್ನ ಹಣೆಬರಹ ತೀರ್ಮಾನ ಆಗುತ್ತೆ ರೀ!"

"ಆಗ್ಲಿ ಬಿಡು. ಹಣೆಬರಹಕ್ಕೆ ಬಲ್ಬ್ ಯಾಕೆ?" ಎಂದು ಬರ್ನೀಸ್ ತುಟಿ ಕಚ್ಚಿ ನಗು ನುಂಗಿಕೊಂಡಳು.

ಆ ನಗು ಲೆಲ್ಯಾಂಡನಿಗೆ ಸರಿಬರಲಿಲ್ಲ. ಕೆಳಗೆ ಬಂದು ನೋಡುತ್ತಾನೆ, ಕತ್ತಲೆ ಕೋಣೆಗೆ ಬೀಗ! ಅವನ ಹದಿನಾಲ್ಕು ಚೀಟಿಗಳ ನಡುವೆ ಹದಿನೈದನೆಯದು ಅಂಟಿಕೊಂಡಿತ್ತು: 'ಸುರಕ್ಷತಾ ತಪಾಸಣೆ. ಮೂರೂವರೆವರೆಗೆ ಪ್ರವೇಶವಿಲ್ಲ.' ಅಷ್ಟರಲ್ಲಿ ಡ್ವೇನ್ ಓಲೆಂಡಾರ್ಫ್ ಮೂಲೆಯಿಂದ ಪ್ರತ್ಯಕ್ಷನಾದ. ಅದೇ ಕಾಯಂ ಕೆಲಸಕ್ಕೆ ಅವನೂ ಅರ್ಜಿ ಹಾಕಿದ್ದ. ಅವನ ತೋಳಲ್ಲಿ ಕಪ್ಪು ಬಟ್ಟೆ ಮುಚ್ಚಿದ ದೊಡ್ಡ ತಟ್ಟೆ, ಬೆರಳ ತುದಿಯಲ್ಲಿ ಏನೋ ಬಿಳಿ ಬಿಳಿ.

"ಏನೋ ಅದು?"

"ಇದಾ? ಏನಿಲ್ಲ ಗುರೂ, ಬಣ್ಣ."

"ನೆಲಮಾಳಿಗೇಲಿ ನಿಂಗೇನು ಬಣ್ಣದ ಕೆಲಸ? ನನ್ನ ಗಿಡದ ಮೇಲೆ ಕಣ್ಣು ಹಾಕಿದೀಯ ಅಂತ ನಂಗೆ ಗೊತ್ತಿಲ್ವಾ?"

"ನಿನ್ನ ಗಿಡ ಯಾರಿಗೆ ಬೇಕು ಮಾರಾಯ? ಬಾ, ಊಟ ಮಾಡು."

"ಬೆಳಿಗ್ಗೆ ಒಂಬತ್ತೂವರೆಗೆ ಊಟಾನಾ? ಕಳ್ಳ!" ಎಂದು ಲೆಲ್ಯಾಂಡ್ ಗದರಿದ.

ಅಲ್ಲಿಂದ ಮುಂದೆ ಅವನು ಮಾಡಿದ್ದೆಲ್ಲ ಪಿಎಚ್.ಡಿ. ಪಡೆದ ಮನುಷ್ಯ ಮಾಡುವಂಥದ್ದಲ್ಲ. ಹತ್ತಕ್ಕೆ ಬೀಗದ ಕಿಂಡಿಗೆ ಕಪ್ಪು ಟೇಪು ಅಂಟಿಸಿದ. ಹನ್ನೊಂದಕ್ಕೆ ಡ್ವೇನನ ಮೇಲೆ ಎರಡು ಪುಟದ ದೂರು ಬರೆದು, ಬಲ್ಬಿನ ಚಿತ್ರವನ್ನೂ ಬಿಡಿಸಿ ಬರ್ನೀಸ್‌ಗೆ ಕೊಟ್ಟ. ಅವಳು ಅದನ್ನು ಓದುತ್ತ ಕೆಮ್ಮು ಬಂದವಳಂತೆ ಕರವಸ್ತ್ರ ಬಾಯಿಗೆ ತುರುಕಿಕೊಂಡಳು. ಮಧ್ಯಾಹ್ನ ವಿಭಾಗದ ಮುಖ್ಯಸ್ಥೆ ಪ್ರೊಫೆಸರ್ ಥೋರಾ ಹಾಲ್ವರ್ಸನ್ ಅವರ ಬಾಗಿಲು ತಟ್ಟಿದ. ಎಪ್ಪತ್ತರ ಸನಿಹದ ಆಕೆ ಮಾತನ್ನು ತೂಗಿ ಆಡುವವರು.

"ಮೇಡಂ, ನನ್ನ ವಿರುದ್ಧ ಪಿತೂರಿ ನಡೀತಿದೆ."

"ಹೌದಾ? ಯಾರದ್ದು?"

"ಎಲ್ಲರದ್ದೂ!"

"ಎಲ್ಲರದ್ದೂ ಅಂದ್ರೆ ನಂದೂ ಇರಬೇಕು. ಮೂರೂವರೆಗೆ ಬಾಗಿಲು ತೆಗೀತಾರಂತೆ. ಅಲ್ಲಿವರೆಗೆ ತಣ್ಣಗೆ ಕೂತ್ಕೊಳ್ಳಿ ಲೆಲ್ಯಾಂಡ್."

ತಣ್ಣಗೆ ಕೂರುವುದು ಅವನ ಜಾತಕದಲ್ಲಿರಲಿಲ್ಲ. ಮೂರೂ ಇಪ್ಪತ್ತಕ್ಕೆ ಕಚೇರಿಗೆ ನುಗ್ಗಿದರೆ ಬರ್ನೀಸ್ ಇಲ್ಲ. ಅವಳ ಮೇಜಿನ ನಡುಮಧ್ಯೆ, ಕಣ್ಣಿಗೆ ರಾಚುವಂತೆ, ಕತ್ತಲೆ ಕೋಣೆಯ ಬೀಗದ ಕೈ. ಬೇರೆ ಯಾರಾದರೂ ಆಗಿದ್ದರೆ ಇದನ್ನು ಬೇಕೆಂದೇ ಇಟ್ಟಿದ್ದಾರೆ ಎಂದುಕೊಳ್ಳುತ್ತಿದ್ದರು. ಲೆಲ್ಯಾಂಡ್ ಮಾತ್ರ ತಾನು ಭಾರಿ ಚಾಲಾಕಿ ಎಂದುಕೊಂಡು, ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲಿಟ್ಟು, ಎರಡೂ ಕೈಯಲ್ಲಿ ಕೀ ಬಾಚಿಕೊಂಡು ಓಡಿದ. ಫೋನು ಅಲ್ಲೇ ಉಳಿಯಿತು.

ಬಾಗಿಲು ತೆಗೆದು, ಒಳಗೆ ಸೇರಿ, ಬಾಗಿಲು ಮುಚ್ಚಿ, ಕಪ್ಪು ಪರದೆ ಸರಿಸಿದ. ತನ್ನ ಕೈ ತನಗೇ ಕಾಣದಂಥ ಕತ್ತಲು. ಆರು ವರ್ಷದ ಅಭ್ಯಾಸ. ತಡವಿಕೊಂಡು ಮೂರನೇ ಕಪಾಟಿನ ಎಡಮೂಲೆ ತಲುಪಿ, ಡಬ್ಬವನ್ನು ಎತ್ತಿ ಎದೆಗವುಚಿಕೊಂಡ. ಜೀವ ಬಂದಂತಾಯಿತು.

"ಬಂದೆ ಕಣೇ ಬಂಗಾರಿ," ಎಂದ. ಅವನ ದನಿಯಲ್ಲಿ ಅಷ್ಟು ಪ್ರೀತಿಯನ್ನು ನಡೀನ್ ಕೂಡ ಕೇಳಿರಲಿಲ್ಲ. "ಯಾರೂ ಮುಟ್ಟಿಲ್ಲ ತಾನೆ? ಆ ಡ್ವೇನ್ ಹೊಟ್ಟೆಕಿಚ್ಚಿನ ಮುಂಡೇದು, ಅವನ ಗಿಡ ಕೊಳೀತಿದೆ ಅಂತ ನಿನ್ನ ಹಿಂದೆ ಬಿದ್ದಿದಾನೆ. ಆ ಬರ್ನೀಸ್ ಒಬ್ಳು, ಬಲ್ಬ್ ಕೇಳಿದ್ರೆ ಅರ್ಜಿ ಅಂತಾಳೆ. ಇನ್ನು ಹಾಲ್ವರ್ಸನ್ ಅಜ್ಜಿ! ಹದಿನೈದು ವರ್ಷದಿಂದ ಆ ತಲೇಲಿ ಒಂದು ಹೊಸ ವಿಚಾರ ಮೊಳೆತಿಲ್ಲ."

ಮೂಲೆಯಲ್ಲಿ ಏನೋ ಕಿಸಕ್ಕೆಂದಿತು. ಫ್ರಿಜ್ಜಿನ ಸದ್ದೆಂದು ಲೆಲ್ಯಾಂಡ್ ಅತ್ತ ಗಮನ ಕೊಡಲಿಲ್ಲ. ಜೇಬು ತಡವಿ ನಿಟ್ಟುಸಿರು ಬಿಟ್ಟ.

"ಅಯ್ಯೋ, ಫೋನ್ ಮರೆತು ಬಂದೆ ನೋಡು. ಇವತ್ತು ನಿನ್ನ ಮುಖ ನೋಡೋ ಯೋಗ ಇಲ್ಲ. ದಿನಾ ಫೋನಿನ ಲೈಟ್ ಹಾಕಿ, ಮುಚ್ಚಳ ತೆಗೆದು ನಿನ್ನನ್ನೊಂದು ಸಲ ನೋಡದಿದ್ರೆ ನಂಗೆ ಊಟ ಸೇರಲ್ಲ. ಬೇರೆ ಡಬ್ಬಗಳ ಮುಚ್ಚಳ ಒಂದಿನಾನೂ ತೆಗೆದವನಲ್ಲ, ನನ್ನಾಣೆ. ನಿನ್ನೊಬ್ಬಳನ್ನೇ."

ಆಮೇಲೆ ಕತ್ತಲೊಳಗಿಂದ ಒಂದು ತೂಕದ ದನಿ ಕೇಳಿತು:

"ದಿನಾ ಎಷ್ಟು ಹೊತ್ತು?"

ಆ ದನಿ ಕೇಳಿದರೆ ಉತ್ತರ ಕೊಡುವುದು ಲೆಲ್ಯಾಂಡನಿಗೆ ಆರು ವರ್ಷದಿಂದ ರೂಢಿ.

"ಐದು ನಿಮಿಷ, ಮೇಡಂ. ಒಂದೊಂದಿನ ಹತ್ತು."

"ಮೂರು ಸಲ ಬಿತ್ತಿದಾಗಲೂ?"

"ಮೂರು ಸಲವೂ, ಮೇಡಂ."

ಬಾಯಿಂದ ಬಿದ್ದ ಮಾತು ಆಗಷ್ಟೇ ಅವನ ಕಿವಿ ತಲುಪಿತು. ಫಕ್ಕನೆ ದೊಡ್ಡ ದೀಪ ಹತ್ತಿತು.

ಕಪಾಟುಗಳ ಸಂದಿಯಲ್ಲಿ, ಮೇಜಿನಡಿಯಲ್ಲಿ, ಸಿಂಕಿನ ಪಕ್ಕದಲ್ಲಿ ವಿಭಾಗದ ಇಪ್ಪತ್ತೆರಡು ಮಂದಿ ಒಳಗಿನಿಂದ ಬೀಗ ಹಾಕಿ, ಚೂಪು ಕಾಗದದ ಟೋಪಿ ತೊಟ್ಟು ಕುಕ್ಕರಗಾಲಲ್ಲಿ ಕೂತಿದ್ದರು. ಗೋಡೆಯ ಮೇಲೆ 'ಅಭಿನಂದನೆಗಳು ಲೆಲ್ಯಾಂಡ್' ಎಂಬ ಬಣ್ಣದ ಪಟ್ಟಿ. ಮೇಜಿನ ಮೇಲೆ ಅದೇ ಮಾತು ಬರೆದ ಬಿಳಿ ಕ್ರೀಮಿನ ದೊಡ್ಡ ಕೇಕು, ಅದರ ನೆತ್ತಿಯಲ್ಲಿ ಸಕ್ಕರೆಯಲ್ಲಿ ಮಾಡಿದ ಗಿಡ್ಡನೆಯ ಗಿಡ. ದೀಪ ಹತ್ತಿದ ಕೂಡಲೇ ಕೂಗಬೇಕೆಂದು ಮೊದಲೇ ಮಾತಾಗಿತ್ತು. ಅಷ್ಟು ಜನರಲ್ಲಿ ಆ ಮಾತು ಉಳಿಸಿಕೊಂಡವಳು ಮೇಬೆಲ್ ಒಬ್ಬಳೇ.

"ಸರ್‌ಪ್ರೈಸ್!" ಎಂದಳು, ಮನಸಾರೆ.

ಪ್ರೊಫೆಸರ್ ಹಾಲ್ವರ್ಸನ್ ಟೋಪಿ ತೆಗೆದು, ಲೆಲ್ಯಾಂಡನ ಕೈಯಿಂದ ಡಬ್ಬ ತೆಗೆದುಕೊಂಡು ಮುಚ್ಚಳ ಬಿಚ್ಚಿದರು. ಗಿಡ್ಡನೆಯ ಸಸಿಗಳು ಎಲೆ ಬಿಚ್ಚಿಕೊಂಡು ಆರಾಮಾಗಿ ನಿಂತಿದ್ದವು.

"ಗಿಡಕ್ಕೇನೂ ಆಗಿಲ್ಲ ಲೆಲ್ಯಾಂಡ್. ಬೆಳಕು ಕಂಡಿದೆ, ಗಿಡ್ಡಗೆ ನಿಂತಿದೆ. ಅದು ಮಾಡಬೇಕಾದ್ದನ್ನ ಸರಿಯಾಗೇ ಮಾಡಿದೆ. ಈ ಕೋಣೇಲಿ ಕೆಟ್ಟಿರೋದು ಅದರ ಜೀನ್ ಅಲ್ಲ."

"ಮೇಡಂ, ನಾಲ್ಕು ಗಂಟೆಗೆ ಸಮಿತಿ..." ಎಂದ ಲೆಲ್ಯಾಂಡ್.

"ಸಮಿತಿ ಬೆಳಿಗ್ಗೆ ಎಂಟಕ್ಕೇ ಸೇರಿ ಕೆಲಸ ನಿಮಗೇ ಅಂತ ಒಪ್ಪಿತ್ತು. ನಾಲ್ಕು ಗಂಟೆಗೆ ಏನೂ ಇರಲಿಲ್ಲ, ಈ ಕೇಕ್ ಬಿಟ್ಟರೆ." ಆಕೆ ಕೈಯಲ್ಲಿದ್ದ ನೇಮಕಪತ್ರದ ಉದ್ದನೆಯ ಲಕೋಟೆಯನ್ನು ಎರಡು ಮಡಿಕೆ ಮಾಡಿ ಕೈಚೀಲದೊಳಗೆ ಸೇರಿಸಿ, "ನನ್ನ ತಲೇಲೂ ಇವತ್ತೊಂದು ಹೊಸ ವಿಚಾರ ಮೊಳೆತಿದೆ. ಸಮಿತಿಯನ್ನ ಇನ್ನೊಮ್ಮೆ ಕರೀತೀನಿ," ಎಂದು ಹೊರನಡೆದರು.

ಡ್ವೇನ್ ಜೇಬಿನಿಂದ ಹಸಿರು ಬಲ್ಬು ತೆಗೆದು ಲೆಲ್ಯಾಂಡನ ಅಂಗೈಯಲ್ಲಿಟ್ಟ. ಅವನ ಮುಖದಲ್ಲಿ ನಗಬೇಕೋ ಬೇಡವೋ ಎಂಬ ಕಷ್ಟ. "ನಾನೇ ಬಿಚ್ಚಿದ್ದು ಗುರೂ. ಇದು ಉರೀತಿದ್ರೆ ನಾವು ಅಡಗಿರೋದು ನಿಂಗೆ ಕಂಡುಬಿಡ್ತಿತ್ತಲ್ಲ, ಅದಕ್ಕೆ."

ಜನ ಒಬ್ಬೊಬ್ಬರಾಗಿ ಟೋಪಿ ಕಳಚಿ ಜಾಗ ಖಾಲಿ ಮಾಡಿದರು. ಕೊನೆಗೆ ಉಳಿದವಳು ಬರ್ನೀಸ್. ಅವಳು ಚಾಕು ತೆಗೆದುಕೊಂಡು ಕೇಕಿನ ಮೇಲಿನ 'ಲೆಲ್ಯಾಂಡ್' ಎಂಬಷ್ಟನ್ನು ನಾಜೂಕಾಗಿ ಹೆರೆದು, 'ಅಭಿನಂದನೆಗಳು' ಎಂಬುದನ್ನು ಹಾಗೇ ಉಳಿಸಿದಳು.

"ಶುಕ್ರವಾರಕ್ಕೆ ಡ್ವೇನ್‌ಗೆ ಬೇಕಾಗಬಹುದು," ಎಂದು ಲೆಲ್ಯಾಂಡನ ಕಪಾಟಿನಿಂದಲೇ ಬೆಳ್ಳಿ ಕಾಗದದ ಸುರುಳಿ ಎಳೆದುಕೊಂಡು, ಒಂದೆಳೆ ಬೆಳಕೂ ನುಸುಳದ ಹಾಗೆ ಕೇಕನ್ನು ಸುತ್ತಿದಳು. "ಫ್ರಿಜ್ಜಲ್ಲಿ ಇಡ್ತೀನಪ್ಪ. ದಿನಾ ಬಂದು ಮುಚ್ಚಳ ತೆಗೆದು ನೋಡ್ಬೇಡ."