ಕೊಟ್ಟ ಪಕ್ಷ ಗೆಲ್ಲಿಸುವ ಸರ್

ನಮ್ಮ ಸ್ಟಾಫ್‌ರೂಮಿನಲ್ಲಿ ವಾದವಿಲ್ಲದ ವಾರವಿಲ್ಲ. ಒಬ್ಬರು ಏನಾದರೂ ಹೇಳಿದರೆ ಸಾಕು, ಇನ್ನೊಬ್ಬರು ಕುರ್ಚಿ ಎಳೆದುಕೊಂಡು ಎದುರು ಕೂರುತ್ತಾರೆ. ಈ ಸೆಮಿಸ್ಟರಿನಲ್ಲಿ ಕೂತವನು ನಾನು.

ಪಂಥ

ಸಿದ್ದಾಪುರದ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ವಿಷಯದ ಅತಿಥಿ ಉಪನ್ಯಾಸಕ. ವಿಭಾಗದಲ್ಲಿ ನಾನು ಮತ್ತು ಮನ್ಮನೆ ಕಡೆಯ ಹಿರಿಯ ಸರ್, ಇಬ್ಬರೇ. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂದರೆ ನಿಜವಾಗಿ ಏನು ಎಂಬಲ್ಲಿ ನಮಗೆ ಹೊಂದುವುದಿಲ್ಲ. ಅವರ ಪ್ರಕಾರ ಇನ್‌ಹೆರಿಟನ್ಸೇ ಅದರ ಜೀವ: ಪ್ರೋಗ್ರಾಮಿನ ಒಂದು ಕ್ಲಾಸಿನ, ಅಂದರೆ ಆಬ್ಜೆಕ್ಟುಗಳ ಅಚ್ಚಿನ, ಗುಣ ಇನ್ನೊಂದಕ್ಕೆ ವಂಶದಂತೆ ಇಳಿಯಬೇಕು. ನನ್ನ ಪ್ರಕಾರ ಸಂದೇಶ ಮುಖ್ಯ: ಪ್ರತಿ ಆಬ್ಜೆಕ್ಟ್ ತನ್ನ ಒಳಗನ್ನು ಮುಚ್ಚಿಟ್ಟುಕೊಂಡು, ಕೇಳಿದ್ದಕ್ಕಷ್ಟೇ ಉತ್ತರಿಸಬೇಕು.

ಆ ವಿಷಯವನ್ನು ಈ ಸಲ ಯಾರು ಕಲಿಸಬೇಕು ಎಂಬ ಪ್ರಶ್ನೆ ಬಂತು. ನನಗೆ ಬಹಳ ಆಸೆಯಿತ್ತು. ಬನವಾಸಿ ಕಡೆಯ ಪ್ರಿನ್ಸಿಪಾಲರು ಹೇಳಿದರು: "ಶನಿವಾರ ಹುಡುಗರ ಮುಂದ ವಾದ ಮಾಡ್ರಿ. ಗೆದ್ದವರು ಕಲಿಸ್ರಿ. ಸೋತವರಿಗೆ ಫಸ್ಟ್ ಇಯರ್ ಟೈಪಿಂಗ್."

ಕ್ಯಾಂಟೀನಿನ ಉದಾಹರಣೆ

ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಾನೇ ಮೊದಲು ನಮ್ಮಿಬ್ಬರ ಹವ್ಯಕ ಮಾತಿನಲ್ಲಿ ಕೆಣಕಿದೆ. "ನೋಡಿ ಸರ್, ಕಷಾಯ ಬೇಕಾದ್ರೆ ಆನು ಅಡುಗೆಮನೆಗೆ ಹೋಗ್ತ್ನಿಲ್ಲೆ. ಇಲ್ಲಿಂದ ಹೇಳ್ತೆ, ಬತ್ತು. ಒಳಗೆ ಎಂತ ಮಾಡ್ತ ಹೇಳದು ಯಂಗೆ ಎಂತಕ್ಕೆ?"

ಒಂದು ಕಷಾಯ ಎಂದು ಕೂಗಿ ಹೇಳಿ ತೋರಿಸಿದೆ. ಒಳಗಿನಿಂದ ಕ್ಯಾಂಟೀನಿನವರ ದನಿ ಬಂತು: "ಕಷಾಯ ಖಾಲಿ."

ಸರ್ ಎದ್ದು ಸೀದಾ ಅಡುಗೆಮನೆಗೆ ಹೋಗಿ ಲೋಟ ತುಂಬಿಸಿಕೊಂಡು ಬಂದರು. ಕ್ಯಾಂಟೀನಿನವರು ಅವರ ದೊಡ್ಡಪ್ಪನ ಮಗ. "ಅಣ್ಣ ತನಗೆ ಕುಡಿಯಲೆ ಹೇಳಿ ಇಟ್ಕಂಡಿದ್ದ," ಎಂದು ಒಂದು ಗುಟುಕು ಕುಡಿದರು. "ನಿನ್ನ ಸಂದೇಶಕ್ಕೆ ಉತ್ತರ ಬಂತು, ಕಷಾಯ ಬಂಜಿಲ್ಲೆ. ಒಂದೇ ವಂಶ ಆದ್ರೆ ಒಳಗೇ ಹೋಪಲಾಗ್ತು, ತಮಾ."

ಶನಿವಾರ

ಸರ್ ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತಗಳಿಲ್ಲದ ಕೂತು ಆಡುವ ಯಕ್ಷಗಾನದಲ್ಲಿ, ಮಾತಾಡುವವರು. ಅಲ್ಲಿ ಯಾರಿಗೆ ಯಾವ ಪಾತ್ರ ಎನ್ನುವುದು ಎಷ್ಟೋ ಸಲ ಕೂತ ಮೇಲೇ ಗೊತ್ತಾಗುತ್ತದೆ. ಕೊಟ್ಟ ಪಕ್ಷವನ್ನು ಗೆಲ್ಲಿಸುವುದೇ ಹೆಚ್ಚುಗಾರಿಕೆ. ಪ್ರಿನ್ಸಿಪಾಲರಿಗೂ ಅದರ ಹುಚ್ಚು. ನಾವು ಕೂತ ಕೂಡಲೇ ಅವರು, "ನಿಮ್ಮ ನಿಮ್ಮ ಮಾತು ನೀವು ಹೇಳೂದ್ರಾಗ ಏನೈತ್ರಿ? ಪಕ್ಷ ಬದಲ ಮಾಡ್ಕೋರಿ," ಎಂದರು.

ಇನ್‌ಹೆರಿಟನ್ಸ್ ಪರವಾಗಿ ನಾನು ಎರಡು ವಾಕ್ಯ ಹೇಳಿ ನೀರು ಕುಡಿದೆ. ಸರ್ ಕಣ್ಣು ಮುಚ್ಚಿ, ತೆರೆದು, ಶುರುಮಾಡಿದರು. "ತನ್ನ ಬಾಗಿಲನ್ನು ತಾನು ಕಾಯದ ಮೇಲೆ ಅದೆಂಥ ಆಬ್ಜೆಕ್ಟ್? ವಂಶದ ಹೆಸರು ಹೇಳಿ ಕಂಡವರ ಅಡುಗೆಮನೆಗೆ ನುಗ್ಗುವವನನ್ನು ಲೋಕ ಏನೆಂದು ಕರೆಯುತ್ತದೆ?" ಎಂದು ನನ್ನನ್ನೇ ದಿಟ್ಟಿಸಿದರು. ಕಷಾಯ ಎತ್ತಿದವನು ನಾನೇ ಇರಬೇಕು ಎಂದು ನನಗೂ ಅನ್ನಿಸಿತು.

ಹುಡುಗರ ಚಪ್ಪಾಳೆ ನಿಂತ ಮೇಲೆ ಪ್ರಿನ್ಸಿಪಾಲರು ತೀರ್ಪು ಕೊಟ್ಟರು: "ಸಂದೇಶನೇ ಖರೆ. ಗೆದ್ದವರು ಅವರು. ಪಾಠ ಅವರಿಗೇ." ನನ್ನ ಮಾತು ಗೆದ್ದಿತು, ನಾನು ಟೈಪಿಂಗಿಗೆ ಹೋದೆ.

ಹೊರಗೆ ಬಂದಾಗ ಕೇಳಿದೆ: "ಸರ್, ಸೋಮವಾರದಿಂದ ಸಂದೇಶವನ್ನೇ ಕಲಿಸ್ತ್ರಲ್ದಾ?"

"ಅದು ಪಾತ್ರದ ಮಾತು ಮಾರಾಯಾ. ಕ್ಲಾಸಲ್ಲಿ ಇನ್‌ಹೆರಿಟನ್ಸೇ."

ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಹೆಗಲ ಮೇಲೆ ಕೈಯಿಟ್ಟರು. "ಬೇಜಾರ ಮಾಡ್ಕಳಡ. ಟೈಪಿಂಗೇ ಎಲ್ಲಕ್ಕಿಂತ ದೊಡ್ಡ ವಿದ್ಯೆ ಹೇಳಿ ಬೇಕಾದ್ರೆ ಆನೇ ವಾದ ಮಾಡ್ತೆ. ನೀನು ಎದುರು ಕೂತ್ರೆ ಸಾಕು."