ಎಲ್ಲೂ ಹೋಗದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಷ್ಟು ಗಟ್ಟಿಯಾಗಿ ಹೊಸದುರ್ಗವನ್ನು ಹಿಡಿದುಕೊಂಡು ಕೂತವರು ಆ ತಾಲ್ಲೂಕಿನಲ್ಲೇ ಇನ್ನೊಬ್ಬರಿಲ್ಲ. ನಾವೆಲ್ಲ ಅಲ್ಲೇ ಹುಟ್ಟಿದವರು. ಹಾಗಾಗಿ ಯಾವಾಗ ಬೇಕಾದರೂ ಊರು ಬಿಟ್ಟು ಓಡಬಹುದು, ಕೇಳುವವರಿಲ್ಲ. ಚಿಕ್ಕಮ್ಮ ಹುಟ್ಟಿದ್ದು ಫಿಲಿಪ್ಪೀನ್ಸಿನಲ್ಲಿ. ಆ ಸೌಭಾಗ್ಯ ಅವಳಿಗಿಲ್ಲ.

ಚಿಕ್ಕಪ್ಪ ಮಸ್ಕತ್ತಿನಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದಾಗ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಆಸ್ಪತ್ರೆಯಲ್ಲಿ ಅವನನ್ನು ನೋಡಿಕೊಂಡ ನರ್ಸ್ ಇವಳು. ಕಾಲು ಕೂಡಿತು, ಮನಸ್ಸೂ ಕೂಡಿತು. ಮದುವೆಯಾಗಿ ಊರಿಗೆ ಕರೆತಂದು ಹೊಸದುರ್ಗದಲ್ಲಿ ಫ್ರಿಜ್ ರಿಪೇರಿ ಅಂಗಡಿ ಇಟ್ಟ. ಹತ್ತಿರದ ಹಳ್ಳಿ ಮತ್ತೋಡಿನಿಂದ ಅಜ್ಜಿ ಸೊಸೆಯನ್ನು ನೋಡಲು ಬಂದಳು. ಬಾಗಿಲಲ್ಲೇ ನಿಂತು ಮೇಲಿಂದ ಕೆಳಗೆ ನೋಡಿ, "ಸಮುದ್ರದ ಕಡೆಯೋಳು ನಿಲ್ಲೋಳಲ್ಲ ಕಣಪ್ಪ, ಒಂದಿನ ಹೊಂಟೋಗ್ತಾಳೆ" ಅಂದಳು. ಹೊರಟುಹೋಗದಂತೆ ಕಾಯಬೇಕಲ್ಲ? ಅಜ್ಜಿ ತನ್ನ ಸೀರೆಗಂಟು ತರಿಸಿಕೊಂಡು ಅಲ್ಲೇ ಠಿಕಾಣಿ ಹೂಡಿದಳು.

ಚಿಕ್ಕಮ್ಮ ಕನ್ನಡ ಕಲಿತಿದ್ದು ಈ ಕಾವಲುಗಾರ್ತಿಯಿಂದ. ಅದರ ಫಲವಾಗಿ ಮೂವತ್ತರ ಹೆಂಗಸು ಎಪ್ಪತ್ತರ ಮುದುಕಿಯಂತೆ ಮಾತಾಡತೊಡಗಿದಳು. ಸಂತೆಯಲ್ಲಿ ಬದನೆಕಾಯಿ ಎತ್ತಿ ನೋಡಿ, "ಏನವ್ವ, ಇದರೊಳಗೆ ನಿಮ್ಮತ್ತೆಯಷ್ಟು ದಪ್ಪ ಹುಳ ಅವೆ" ಅನ್ನುವಳು. ಮಾರುವವಳು ಮುಖ ನೋಡುವಳು, ಮಾತು ಕೇಳುವಳು, ಎರಡಕ್ಕೂ ತಾಳೆಯಾಗದೆ ಸುಮ್ಮನೆ ರೇಟು ಇಳಿಸುವಳು.

ಅವಳ ವೀಸಾ ಮುಂದುವರಿಸಲು ಚಿತ್ರದುರ್ಗದ ಪೊಲೀಸ್ ಕಚೇರಿಗೆ ಬರಬೇಕಿತ್ತು. ನಾನು ಚಿತ್ರದುರ್ಗದಲ್ಲೇ ಕೆಲಸದಲ್ಲಿದ್ದೇನೆ, ಆದ್ದರಿಂದ ಜೊತೆಗೆ ಹೋಗುವುದು ನನ್ನ ಪಾಲಿಗೆ ಬಂತು. ಅಲ್ಲಿದ್ದವರು ಮರ್ಯಾದೆಯಿಂದಲೇ ಕೇಳಿದರು: "ವಾಪಸ್ ಯಾವಾಗ ಹೋಗ್ತೀರಮ್ಮ?"

"ಸಂಜೆ ಬಸ್ಸಿಗೆ ಕಣಪ್ಪ. ಸೀಟು ಸಿಕ್ರೆ."

ಅವರು ಕೇಳಿದ್ದು ಫಿಲಿಪ್ಪೀನ್ಸಿಗೆ ಅಂತ ನಾನು ವಿವರಿಸಬೇಕಾಯಿತು. ಹೊರಗೆ ಬಂದು ಎಳನೀರು ಕುಡಿಯುವಾಗ ಚಿಕ್ಕಮ್ಮ ಅಂದಳು, "ಮನೆಗೆ ಬಂದೋರ್ನ ನಾವು ಹಂಗೆ ಕೇಳ್ತೀವೇನವ್ವ? ಇನ್ನು ಕೇಳಿಸ್ಕಳಕ್ಕೆ ಆಗಲ್ಲ. ನಾನು ಈ ದೇಶದೋಳೇ ಆಗ್ಬಿಡ್ತೀನಿ."

ವಕೀಲರನ್ನು ಕಂಡೆವು. ಇಲ್ಲಿಯವರನ್ನು ಮದುವೆಯಾದವರಿಗೆ ಪೌರತ್ವ ಸಿಗಲು ಏಳು ವರ್ಷದ ವಾಸ ಬೇಕು, ಅದರಲ್ಲಿ ಅರ್ಜಿಗೆ ಮುಂಚಿನ ಒಂದು ವರ್ಷ ಒಂದೇ ಸಮನೆ ಇಲ್ಲೇ ಇರಬೇಕು ಅಂದರು. ಹಳೆಯ ವರ್ಷಗಳು ಸಾಲುತ್ತಿದ್ದವು, ಆದರೆ ಚಿಕ್ಕಮ್ಮ ಆಗತಾನೇ ತವರಿಗೆ ಹೋಗಿಬಂದಿದ್ದಳು. "ಈ ಒಂದು ವರ್ಷ ಮಾತ್ರ ಕದಲಬೇಡ್ರಿ" ಎಂದು ಹೇಳಿ ಕಳಿಸಿದರು.

ವಕೀಲರು ಹೇಳಿದ್ದು ದೇಶ ಬಿಟ್ಟು ಕದಲಬೇಡಿ ಎಂದು. ಚಿಕ್ಕಮ್ಮ ಜಿಲ್ಲೆ ಬಿಟ್ಟೇ ಕದಲಲಿಲ್ಲ. ರಾಯದುರ್ಗದಲ್ಲಿ ನಮ್ಮ ಅತ್ತೆಯ ಮಗನ ಮದುವೆ. "ಅದು ಆಂಧ್ರ, ಅದೂ ಇಂಡಿಯಾನೇ ಚಿಕ್ಕಮ್ಮ" ಅಂದರೆ, "ಬೋರ್ಡೆಲ್ಲ ಬೇರೆ ಅಕ್ಷರದಾಗೆ ಅವೆ. ನನಗ್ಯಾಕೆ ಉಸಾಬರಿ?" ಅಂದಳು. ಇಡೀ ಬಸ್ಸು ಹೋಯಿತು, ಅವಳು ಮನೆಯಲ್ಲಿ ಕೂತು ಅವರೆಕಾಯಿ ಸುಲಿದಳು. ಇನ್ನು ಹೊಸದುರ್ಗದಲ್ಲಿ ಯಾರ ಮದುವೆಯಾದರೂ ಸರಿ, ಫೋಟೋದ ತುದಿಯಲ್ಲಿ ಬಂದು ನಿಲ್ಲುವಳು. ನಾಳೆ ಸಾಕ್ಷಿ ಬೇಕಾದರೆ? ಎಷ್ಟೋ ಆಲ್ಬಮ್ಮುಗಳಲ್ಲಿ ಗಂಡಿನ ಕಡೆಯವರು ಅವಳನ್ನು ಹೆಣ್ಣಿನ ಕಡೆಯವಳೆಂದೂ ಹೆಣ್ಣಿನವರು ಗಂಡಿನ ಕಡೆಯವಳೆಂದೂ ಇವತ್ತಿಗೂ ತಿಳಿದಿದ್ದಾರೆ. ರಸ್ತೆಯಲ್ಲಿ ಪೊಲೀಸರು ಕಂಡರೆ ನಾವು ದಾರಿ ಬದಲಿಸುತ್ತೇವೆ. ಇವಳು ಅಡ್ಡ ಹೋಗಿ, "ನಮಸ್ಕಾರ ಸರ್, ನಾನು ಇಲ್ಲೇ ಇದೀನಿ" ಎಂದು ವರದಿ ಒಪ್ಪಿಸುತ್ತಿದ್ದಳು. ಪಾಪ, ಅವರು ಇವಳನ್ನು ಹುಡುಕುತ್ತಲೇ ಇರಲಿಲ್ಲ.

ವರ್ಷ ಮುಗಿಯಲು ಕೆಲವೇ ವಾರ ಉಳಿದಿದ್ದಾಗ ಅವಳ ತಮ್ಮನ ಫೋನು ಬಂತು. ತಾಯಿಗೆ ಲಕ್ವ ಹೊಡೆದಿದೆ, ಮಾತು ನಿಂತಿದೆ.

ಚಿಕ್ಕಮ್ಮ ಫೋನಿಟ್ಟು ಹಿತ್ತಲಿಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೆ ತೊಳೆಯತೊಡಗಿದಳು. ಚಿಕ್ಕಪ್ಪ ವಕೀಲರಿಗೆ ಫೋನು ಮಾಡಿದ. "ವಿಶೇಷ ಕಾರಣ ಇದ್ರೆ ಒಂದು ತಿಂಗಳವರೆಗೆ ಸಡಿಲ ಮಾಡಬಹುದು. ಮಾಡಲೇಬೇಕು ಅಂತಿಲ್ಲ. ಅದು ದಾಟಿದ್ರೆ ಈ ವರ್ಷ ಹೋದಂಗೇ, ಮತ್ತೆ ಮೊದಲಿಂದ" ಅಂದರು. ಚಿಕ್ಕಪ್ಪ ಹೋಗು ಅನ್ನಲಾರ, ಬೇಡ ಅನ್ನಲಾರ. ಕಂಬಕ್ಕೆ ಒರಗಿ ನಿಂತುಬಿಟ್ಟ. ಆ ಭಾನುವಾರ ನಾನೂ ಅಲ್ಲೇ ಇದ್ದೆ.

ಅಜ್ಜಿ ಹಿತ್ತಲಿಗೆ ಹೋದಳು.

"ಲೇ, ಹೋಗ್ದೆ ಇದ್ರೆ ಏನು ಕೊಡ್ತಾರೆ?"

"ಈ ದೇಶದೋಳು ಅಂತ ಕೊಡ್ತಾರೆ ಅತ್ತೆ."

"ಹೋದ್ರೆ?"

"ಮತ್ತೆ ಕಾಯ್ಬೇಕು."

"ಕಾಯಾಣ ಬಿಡು. ಹೆತ್ತಾಕಿ ಕಾಯಲ್ಲ. ಕೈ ತೊಳ್ಕ, ಏಳು."

ಸೊಸೆ ಹೊರಟುಹೋಗುತ್ತಾಳೆಂದು ಇಷ್ಟು ವರ್ಷ ಬಾಗಿಲು ಕಾಯ್ದವಳು ಅಟ್ಟದ ಮೇಲಿಂದ ಅವಳ ಸೂಟ್‌ಕೇಸನ್ನು ತಾನೇ ಇಳಿಸಹೋದಳು. ಅದು ತಲೆಯ ಮೇಲೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ನಾನೂ ಚಿಕ್ಕಪ್ಪನೂ ಹಿಡಿದುಕೊಂಡೆವು.

ಚಿಕ್ಕಮ್ಮ ಹೋದಳು. ಆ ತಾಯಿ ಎದ್ದು ಕೂರಲೂ ಇಲ್ಲ, ಹೋಗಲೂ ಇಲ್ಲ. ಸಾಯುವವರು ಕಾಯಿದೆ ಓದಿಕೊಂಡು ಮಲಗುತ್ತಾರೆಯೇ? ಒಂದು ತಿಂಗಳು ಕಳೆಯಿತು, ಇನ್ನೊಂದು ಕಳೆಯಿತು. ಬೆನ್ನು ಹುಣ್ಣಾಗದಂತೆ ತಾಯಿಯನ್ನು ಮಗ್ಗುಲು ಬದಲಿಸುವುದು, ಒರೆಸುವುದು, ಚಮಚದಲ್ಲಿ ಗಂಜಿ ಕುಡಿಸುವುದು, ಎಲ್ಲ ಅವಳೇ. ಫೋನಿನಲ್ಲಿ ಚಿಕ್ಕಪ್ಪ, "ಹೆಂಗೈತೆ?" ಅನ್ನುವನು. "ಹಂಗೇ ಐತೆ" ಅನ್ನುವಳು. ಬರುವ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಬೀದಿಯಲ್ಲಿ ಮಾತ್ರ ಎತ್ತಿದರು. ಎದುರುಮನೆಯಾಕೆ, "ಏನಜ್ಜಿ, ನಿಮ್ಮ ಸೊಸೆ ಬರ್ತಾಳೋ, ಅತ್ಲಾಗೇ ಹೋದ್ಲೋ?" ಎಂದು ಕೇಳಿದಳಂತೆ. "ನಿನ್ನ ತವರಲ್ಲಿ ಯಾರಾನ ಮಲಗಲಿ, ನೀನು ಎಷ್ಟು ದಿನಕ್ಕೆ ಬರ್ತೀಯ ನೋಡಾಣ" ಎಂದು ಅಜ್ಜಿ ಬಾಯಿ ಮುಚ್ಚಿಸಿದಳು. ಆದರೆ ಅವತ್ತು ಮಧ್ಯಾಹ್ನ ಅಜ್ಜಿ ಊಟ ಮಾಡಲಿಲ್ಲ. ತನ್ನ ಹಳೆಯ ಮಾತೇ ನಿಜವಾಗಿಬಿಡುತ್ತೇನೋ ಎಂಬ ಭಯ ಅವಳಿಗೂ ಇತ್ತು.

ತಾಯಿ ತೀರಿಕೊಂಡ ಮೇಲೆ ಚಿಕ್ಕಮ್ಮ ಬಂದಳು, ಅರ್ಧಕ್ಕರ್ಧ ಇಳಿದುಹೋಗಿದ್ದಳು. ತಾಯಿಯನ್ನು ಕೊನೆಯ ಸಲ ತೊಳೆದು, ಬಟ್ಟೆ ಉಡಿಸಿದ್ದೂ ತಾನೇ ಎಂದು ಹೇಳಿದಳು, ಡ್ಯೂಟಿಯ ವಿಷಯ ಹೇಳುವವರ ಹಾಗೆ. ತಮ್ಮನ ಮನೆಯಲ್ಲಿ ಅವಳಿಗೆ ನೆಂಟರ ಕೋಣೆ ಕೊಟ್ಟಿದ್ದರಂತೆ, ಮಡಿಕೆ ಬಿಚ್ಚದ ಹೊಸ ಟವೆಲ್ ಇಟ್ಟಿದ್ದರಂತೆ. ಹೆಣದ ಮುಂದೆ ಅಳು ಬರಲೇ ಇಲ್ಲವಂತೆ. "ಆಮೇಲೂ ಬರ್ಲಿಲ್ಲ ಕಣವ್ವ. ನಾನೇನು ಕಲ್ಲಾ?" ಎಂದು ನನ್ನನ್ನು ಕೇಳಿದಳು. ವಕೀಲರು ಹೇಳಿದ ಹಾಗೇ ಆಗಿತ್ತು, ವರ್ಷ ಮತ್ತೆ ಮೊದಲಿಂದ. ಅದನ್ನು ಹೇಳಿದಾಗ ಆಯ್ತು ಅಂತ ತಲೆಯಾಡಿಸಿದಳು, ಅಷ್ಟೇ.

ಮಾರನೆಯ ದಿನ ಬೀದಿಯ ಹೆಂಗಸರು ಮಾತಾಡಿಸಲು ಬಂದರು. ಸಾವಿನ ಮನೆಗೆ ಬರಿಗೈಯಲ್ಲಿ ಬಂದು ಕೂತು ಹೋಗುವುದು ನಮ್ಮಲ್ಲಿ ಪದ್ಧತಿ. ಎದುರುಮನೆಯಾಕೆಯೂ ಬಂದಳು. ಅವರಾರೂ ಆ ತಾಯಿಯನ್ನು ನೋಡಿದವರಲ್ಲ, ಆ ದೇಶ ಯಾವ ದಿಕ್ಕಿಗೆ ಎಂದೂ ತಿಳಿದವರಲ್ಲ. ಅಳು ಹೇಗೆ ಶುರುಮಾಡುವುದೆಂದು ಯಾರಿಗೂ ತಿಳಿಯಲಿಲ್ಲ.

ಕೊನೆಗೆ ಅಜ್ಜಿ ಗೋಡೆ ಹಿಡಿದು ಎದ್ದು ಬಂದು ಸೊಸೆಯ ಪಕ್ಕ ಕೂತಳು. ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡು, ತನ್ನ ಬೀಗಿತಿಗಾಗಿ ತಾನೇ ದನಿ ತೆಗೆದಳು: "ಎಂಥಾ ಮಗಳನ್ನ ಕೊಟ್ಟು ಹೋದ್ಯವ್ವ ನಮಗೆ."

ಅಷ್ಟೇ ಸಾಕಾಯಿತು. ಚಿಕ್ಕಮ್ಮ ಅಜ್ಜಿಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ತನ್ನ ತಾಯಿಯನ್ನು ಅವಳು ಅಲ್ಲಿ ಏನೆಂದು ಕರೆಯುತ್ತಿದ್ದಳೋ ನನಗೆ ಗೊತ್ತಿಲ್ಲ. ಅವತ್ತು ಕರೆದಿದ್ದು "ಅವ್ವಾ" ಎಂದು.