ಹೃದಯದ್ದಲ್ಲ ಎಂದರೆ ಮುನಿಸು

ಎದೆ ಹಿಡಿದುಕೊಂಡು ಯಾರಾದರೂ ಒಳಗೆ ಬಂದರೆ ನಮ್ಮ ಯಲಹಂಕದ ನರ್ಸಿಂಗ್ ಹೋಮಿನಲ್ಲಿ ಎರಡು ಕೆಲಸ ನಡೆಯುತ್ತವೆ. ಮೊದಲನೆಯದು ಇಸಿಜಿ, ಎರಡನೆಯದು ಜಗಳ. ನಾನು ಇಲ್ಲಿ ಮೇಟ್ರನ್. ಚುಚ್ಚುವ ನೋವು ಪಕ್ಕೆಲುಬಿನದಿರಬಹುದು, ಹೊಟ್ಟೆಯ ಹುಳಿಯದಿರಬಹುದು. ಆದರೆ ಯಾವುದೋ ಒಂದು ನಿಜವಾಗಿಯೂ ಹೃದಯದ್ದಾಗಿರುತ್ತದೆ, ಅದು ಯಾರದೆಂದು ಮುಖ ನೋಡಿ ಹೇಳಲಾಗದು. ಹಾಗಾಗಿ ಎಲ್ಲರನ್ನೂ ಮಲಗಿಸುತ್ತೇವೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕೆಂದು ನಾನು ಓದಿದ ಕಾನ್ವೆಂಟಿನಲ್ಲಿ ಆರನೇ ವಯಸ್ಸಿಗೇ ಕಲಿಸುತ್ತಿದ್ದರು. ಎದೆನೋವಿನವರು ಯಾರೂ ಆ ಶಾಲೆಗೆ ಹೋದಂತೆ ಕಾಣುವುದಿಲ್ಲ.

ಮಿರ್ಚಿಯ ಮರ್ಯಾದೆ

ಸೋಲದೇವನಹಳ್ಳಿಯ ಒಂದು ಕಾಲೇಜಿನ ಮೇಷ್ಟ್ರು, ಹುಬ್ಬಳ್ಳಿ ಕಡೆಯವರು. ಜೊತೆಗೆ ಹೆಂಡತಿ, ಭಾವಮೈದುನ, ಪಕ್ಕದ ಮನೆಯವರು.

"ಎದಿಯಾಗ ಬೆಂಕಿ ಹಚ್ಚಿದಂಗ ಆಗೇತ್ರಿ ಮೇಡಂ."

ಇಸಿಜಿ ಚೆನ್ನಾಗಿತ್ತು. ಏನು ತಿಂದಿರಿ ಎಂದು ಕೇಳಿದೆ.

"ಏನೂ ಇಲ್ಲರಿ. ಒಂದೀಟು ಚುರಮರಿ ಗಿರಮಿಟ್."

"ಮಿರ್ಚಿ ಹೇಳ್ರಿ," ಎಂದರು ಹೆಂಡತಿ.

"ಹಾಂ, ಒಂದೆರಡು ಮಿರ್ಚಿ."

"ಹತ್ತು ರೀ ಮೇಡಂ. ತಿಂದು, ಮ್ಯಾಲೆ ಊಟಾ ಮಾಡಿ, ಹಂಗ ಮಕ್ಕೊಂಡ್ರು."

ಡಾಕ್ಟರು ಮತ್ತೆ ಪರೀಕ್ಷೆ ಮಾಡಿ ಆಸಿಡಿಟಿ ಎಂದರು. ಮೇಷ್ಟ್ರ ಮುಖ ಕೆಂಪಾಯಿತು.

"ಹಲ್ಲು ಬಂದಾಗಿಂದ ಮಿರ್ಚಿ ತಿನ್ನಾಕತ್ತೀನ್ರಿ. ಅದು ನನಗ ದ್ರೋಹಾ ಮಾಡೂದಿಲ್ಲ. ಹಾರ್ಟೇ ಇರಬೇಕು, ಇನ್ನೊಮ್ಮೆ ನೋಡ್ರಿ!"

ಸ್ಟೇಟಸ್

ಬಾಗಲೂರಿನ ಒಬ್ಬ ತರುಣನನ್ನು ನಾಲ್ವರು ಗೆಳೆಯರು ಎತ್ತಿಕೊಂಡೇ ಬಂದರು. ಒಬ್ಬ ಎತ್ತುತ್ತಿದ್ದ, ಒಬ್ಬ ಅಳುತ್ತಿದ್ದ, ಒಬ್ಬ ಗಾಳಿ ಬೀಸುತ್ತಿದ್ದ. ನಾಲ್ಕನೆಯವನು ವಿಡಿಯೋ ಮಾಡುತ್ತಿದ್ದ.

"ಅಟ್ಯಾಕ್ ಮೇಡಂ! ಬೇಗ ಮೇಡಂ!"

ಇಸಿಜಿ ತೆಗೆಯುವಾಗಲೂ ಆ ನಾಲ್ಕನೆಯವನು, "ಮಚ್ಚಾ, ಸ್ವಲ್ಪ ಈ ಕಡೆ ತಿರುಗು" ಎಂದ. ಫೋನು ಕಿತ್ತು ನನ್ನ ಮೇಜಿನ ಮೇಲಿಟ್ಟೆ.

ರಿಪೋರ್ಟಿನಲ್ಲಿ ತೊಂದರೆ ಇರಲಿಲ್ಲ. ಡಾಕ್ಟರು ಎದೆಯ ಒಂದು ಕಡೆ ಬೆರಳಿನಿಂದ ಒತ್ತಿದರು. ಹುಡುಗ ಹಾಸಿಗೆಯಿಂದ ಅರ್ಧ ಅಡಿ ಮೇಲೆದ್ದ.

"ಜಿಮ್‌ಗೆ ಹೋಗ್ತೀಯಾ?"

"ಹೂಂ ಸಾರ್."

"ಯಾವಾಗಿನಿಂದ?"

"ನಿನ್ನೆಯಿಂದ."

ಮೊದಲ ದಿನವೇ ಪಕ್ಕದವರು ಎತ್ತಿದ ಭಾರವನ್ನೇ ತಾನೂ ಎತ್ತಿದ್ದನಂತೆ. ಎದೆಯ ಸ್ನಾಯು ಉಳುಕಿದೆ, ನಾಲ್ಕು ದಿನ ಸುಮ್ಮನಿರು ಎಂದರು ಡಾಕ್ಟರು. ಎಲ್ಲರೂ ನಿಟ್ಟುಸಿರು ಬಿಟ್ಟರು, ಫೋನಿನವನೊಬ್ಬನನ್ನು ಬಿಟ್ಟು.

"ಅಯ್ಯೋ ಮಗಾ, ಸೀರಿಯಸ್ಸು, ಎಲ್ರೂ ಪ್ರಾರ್ಥನೆ ಮಾಡಿ ಅಂತ ಸ್ಟೇಟಸ್ ಹಾಕ್ಬಿಟ್ಟಿದೀನಲ್ಲೋ! ಏರಿಯಾ ಪೂರ್ತಿ ಬರ್ತಾ ಇದೆ." ನನ್ನ ಕಡೆ ತಿರುಗಿ ಕೈಮುಗಿದ. "ಮೇಡಂ, ಪ್ಲೀಸ್, ಒಂದು ಸಣ್ಣ ಅಟ್ಯಾಕ್ ಅಂತಾದ್ರೂ ಬರ್ಕೊಡಿ."

ಕೆಮ್ಮಣ್ಣು

ಟಿ. ದಾಸರಹಳ್ಳಿಯ ಅಜ್ಜಿಗೆ ಎಡಗಡೆ ಎದೆಯ ಕೆಳಗೆ ಸೂಜಿ ಚುಚ್ಚಿದ ಹಾಗೆ ನೋವು. ಎಲ್ಲ ಪರೀಕ್ಷೆಗಳೂ ಸರಿಯಾಗಿದ್ದವು. ಚರ್ಮದ ಮೇಲೆ ಏನಾದರೂ ಎದ್ದರೆ ಕೂಡಲೇ ಬನ್ನಿ ಎಂದು ಡಾಕ್ಟರು ಹೇಳಿ ಕಳಿಸಿದರು.

ಮೂರನೇ ದಿನ ಸೊಸೆಯ ಜೊತೆ ಬಂದರು. ಇಸಿಜಿಗೆಂದು ಸಿಸ್ಟರ್ ರವಿಕೆ ಸರಿಸಿದರೆ ಎದೆಯಿಂದ ಬೆನ್ನಿನವರೆಗೆ ಕೆಮ್ಮಣ್ಣು! ಹೊಸ ಮನೆಯ ಜಗುಲಿಗೆ ಬಳಿದ ಹಾಗೆ ನೀಟಾಗಿ ಬಳಿದಿದ್ದರು. ಯಂತ್ರದ ಬಟ್ಟಲುಗಳು ಒಂದೂ ಅಂಟಲಿಲ್ಲ.

"ಸರ್ಪಸುತ್ತು ಕಣ್ರೀ," ಎಂದರು ಅಜ್ಜಿ. ನಿಜ, ಮಣ್ಣಿನ ಅಂಚಿನಲ್ಲಿ ಸಾಲುಸಾಲಾಗಿ ನೀರುಗುಳ್ಳೆಗಳಿದ್ದವು. ತೊಳೆಯಬೇಕು ಎಂದೆ.

"ತೊಳೆಯೋದಾ? ಸುತ್ತಿಕೊಂಡು ಹೋಗಿ ತಲೆ ಬಾಲ ಸೇರ್ಬಿಟ್ರೆ ನಾನು ಉಳಿತೀನಾ? ಅಡ್ಡ ಹಾಕಿದೀನಿ, ಬಿಡ್ರಿ."

ಅರ್ಧ ಗಂಟೆ ವಾದವಾಯಿತು. ಇದು ನರದಲ್ಲಿ ಅಡಗಿದ್ದ ಸೋಂಕು, ಮಾತ್ರೆ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು ಎಂದು ವಿವರಿಸಿದೆ. ಕೊನೆಗೆ ಒಪ್ಪಿದರು, ಆದರೆ ಸುಮ್ಮನೆ ಒಪ್ಪಲಿಲ್ಲ.

"ನಿಮ್ಮ ಡಾಕ್ಟ್ರಿಗೆ ಮೊದಲನೇ ದಿನ ಗೊತ್ತಾಗ್ಲೇ ಇಲ್ಲ. ನನ್ನ ಸೊಸೆ ಓದಿರೋದು ಏಳನೇ ಕ್ಲಾಸು, ನೋಡಿದ ತಕ್ಷಣ ಹೇಳಿದ್ಲು."

"ಮೊದಲನೇ ದಿನ ಗುಳ್ಳೆ ಬಂದಿರಲಿಲ್ಲ ಅಜ್ಜಿ!"

"ಅದನ್ನೇ ನಾನೂ ಹೇಳ್ತಿರೋದು. ಬರೋವರೆಗೂ ಕಾಯ್ಬೇಕು. ನಿಮಗೆ ಎಲ್ಲಾದಕ್ಕೂ ಅವಸರ."

ತಪಾಸಣೆಯ ದಿನ

ಆಸ್ಪತ್ರೆಗೆ ಗುಣಮಟ್ಟದ ಪ್ರಮಾಣಪತ್ರ ಕೊಡಲು ತಪಾಸಣೆಯವರು ಬರುವವರಿದ್ದರು. ಅದಕ್ಕೆ ಮೊದಲು ಎರಡು ದಿನ ಸಿಬ್ಬಂದಿಗೆಲ್ಲ ನಿಂತ ಹೃದಯವನ್ನು ಒತ್ತಿ ನಡೆಸುವುದು ಹೇಗೆಂದು ರಬ್ಬರ್ ಗೊಂಬೆಯ ಮೇಲೆ ನಾನೇ ಕಲಿಸಿದೆ. ಯಾರು ಒತ್ತಿದರೂ ಅರ್ಧಂಬರ್ಧ. "ಮೊಣಕೈ ಮಡಚಬೇಡಿ! ಹೀಗೆ!" ಎಂದು ಪ್ರತಿಯೊಬ್ಬರಿಗೂ ಮತ್ತೆ ಮತ್ತೆ ಒತ್ತಿ ತೋರಿಸಿದೆ.

ತಪಾಸಣೆಯ ದಿನ ಬೆಳಿಗ್ಗೆ ಉಸಿರೆಳೆದರೆ ನನ್ನ ಎದೆಯ ಎಡಕ್ಕೆ ಚೂರಿ ಹಾಕಿದಂತಾಯಿತು. ನನ್ನ ತಂದೆ ಹೋದದ್ದು ಹೃದಯಾಘಾತದಿಂದ. ಬೇರೆ ಯಾರಾದರೂ ಹೀಗೆ ಮುಚ್ಚಿಟ್ಟಿದ್ದರೆ ಚೆನ್ನಾಗಿ ಬೈಯುತ್ತಿದ್ದೆ. ನಾನು ಮಾತ್ರ ಸೀರೆಯ ನೆರಿಗೆ ಸರಿಮಾಡಿಕೊಂಡು ತಪಾಸಣೆಯವರನ್ನು ಸ್ವಾಗತಿಸಲು ನಿಂತೆ. ಇವರು ಹೋಗುವವರೆಗೆ ಬದುಕಿದ್ದರೆ ಸಾಕು ಎಂದುಕೊಂಡೆ.

ಬಂದವರಲ್ಲಿ ಹಿರಿಯರು ತುರ್ತು ಕೊಠಡಿಯಲ್ಲಿ ನಿಂತು, "ಈಗ ಒಬ್ಬರಿಗೆ ಎದೆನೋವು ಬಂತು ಅಂತ ಇಟ್ಕೊಳ್ಳಿ. ಏನು ಮಾಡ್ತೀರೋ ಮಾಡಿ ತೋರಿಸಿ. ರೋಗಿ ಯಾರಾಗ್ತೀರಿ?" ಎಂದರು.

ಸಿಸ್ಟರ್‌ಗಳೆಲ್ಲ ಒಟ್ಟಿಗೆ ನನ್ನತ್ತ ನೋಡಿದರು. ನಾನು ನೇರ ಹೋಗಿ ಮಲಗಿದೆ. ಅಷ್ಟು ಖುಷಿಯಿಂದ ಜೀವನದಲ್ಲಿ ಎಂದೂ ಮಲಗಿರಲಿಲ್ಲ.

ಪರದೆ ಎಳೆದರು, ಇಸಿಜಿ ಹಚ್ಚಿದರು. "ಆ ವೈರ್ ಅಲ್ಲಿ ಅಲ್ಲ, ಒಂದು ಪಕ್ಕೆ ಕೆಳಗೆ! ಗೌನ್ ಯಾಕೆ ಸುಕ್ಕಾಗಿದೆ? ಟೈಮ್ ಬರೆದ್ರಾ?" ಎಂದು ಮಲಗಿದಲ್ಲಿಂದಲೇ ತಿದ್ದಿದೆ. ನಮ್ಮ ಡಾಕ್ಟರು ಎದೆಮೂಳೆಗೆ ಪಕ್ಕೆಲುಬು ಕೂಡುವಲ್ಲಿ ಒತ್ತಿದರು. "ಅಮ್ಮಾ!" ಎಂದು ನಾನು ಕೂಗಿದ್ದು ಕ್ಯಾಂಟೀನಿಗೂ ಕೇಳಿಸಿತಂತೆ.

ಡಾಕ್ಟರು ಬಗ್ಗಿ ಪಿಸುಗುಟ್ಟಿದರು. "ಮೇಡಂ, ನಿಜವಾಗ್ಲೂ ನೋವಾ?"

"ಬೆಳಿಗ್ಗೆಯಿಂದ."

ಅವರು ಇಸಿಜಿಯನ್ನು ಎರಡು ಸಲ ನೋಡಿದರು. "ಹೃದಯ ಚೆನ್ನಾಗಿದೆ. ಪಕ್ಕೆಲುಬಿನ ಕೀಲಿನ ನೋವು. ಎರಡು ದಿನ ಆ ಗೊಂಬೆಯನ್ನ ಒತ್ತಿದ್ದು ಕಮ್ಮೀನಾ?"

ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಪರದೆ ಸರಿಸಿದೆ. ಹೊರಗೆ ತಪಾಸಣೆಯವರು ಚಪ್ಪಾಳೆ ತಟ್ಟುತ್ತಿದ್ದರು.

"ಅದ್ಭುತ ಮೇಡಂ! ಆ ಕಿರುಚಾಟ, ಈ ಕಣ್ಣೀರು, ಎಲ್ಲಾ ಎಷ್ಟು ಸಹಜವಾಗಿತ್ತು! ಒಂದೇ ಒಂದು ಕೊರತೆ." ಹಿರಿಯರು ಫೈಲಿನಲ್ಲಿ ಅದನ್ನು ಬರೆದುಕೊಳ್ಳುತ್ತಲೇ ಹೇಳಿದರು. "ನಿಜವಾಗಿ ಎದೆನೋವಿರುವವರು ಯಾರೂ ಸಿಸ್ಟರ್‌ಗಳಿಗೆ ಇಷ್ಟೊಂದು ಬೈಯಲ್ಲ."